ಕೊರಳು ಹಿಡಿದ ಫೋಟೊ

ನಿಶ್ಚಿತಾರ್ಥವಾದ ಮೇಲೆ ನಾವಿಬ್ಬರೂ ಮೊದಲು ಮಾತಾಡಿದ್ದು ಕಾಮಿಕ್ಸ್ ಬಗ್ಗೆ. ಅವನು ನಿಲಂಗಾದಲ್ಲಿ ಸಿಮೆಂಟಿನ ಅಂಗಡಿ ನಡೆಸುತ್ತಿದ್ದ. ನಾನು ಗುಂಜೋಟಿಯಿಂದ ದಿನಾ ಬಸ್ಸಿನಲ್ಲಿ ಉಮರ್ಗಾಕ್ಕೆ ಹೋಗಿ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕಾಮಿಕ್ಸ್ ಓದುತ್ತಿದ್ದೆ. ನಮ್ಮಿಬ್ಬರಿಗೂ ಒಂದೇ ಜೋಡಿಯ ಮೇಲೆ ಪ್ರಾಣ. ಗಡಿಯಾರದ ಗೋಪುರದಲ್ಲಿ ಕೂತು ಊರನ್ನೇ ನಡುಗಿಸುವ ಒಬ್ಬ ಖಳ, ಅವನಿಗಾಗಿ ಊರಿಗೆ ಬೆಂಕಿಯಿಡುವ ಅವನ ರಾಣಿ. ಸೋತಾಗಲೆಲ್ಲ ಅವನು ಅವಳನ್ನು ಗೋಡೆಗೆ ಒತ್ತಿ ಕತ್ತು ಹಿಸುಕುತ್ತಾನೆ. ಮುಂದಿನ ಸಂಚಿಕೆಯಲ್ಲಿ ಅವಳೇ ಜೈಲು ಸುಟ್ಟು ಅವನನ್ನು ಬಿಡಿಸಿಕೊಂಡು ಬರುತ್ತಾಳೆ. ಒಳ್ಳೆಯವರ ಪ್ರೀತಿಯೆಲ್ಲ ನಾಲ್ಕು ಪುಟಕ್ಕೆ ಮುರಿಯುತ್ತಿತ್ತು, ಈ ಕೆಟ್ಟವರದು ಮುರಿಯುತ್ತಿರಲಿಲ್ಲ. ಅದಕ್ಕೇ ನಾನು ಮರುಳಾಗಿದ್ದೆ. ಇವನು ಫೋನಿನಲ್ಲಿ "ಏ ರಾಣಿ" ಎಂದರೆ ಸಾಕು, ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಕಡೆ ಈಗ ಮದುವೆಗೆ ಮಂತ್ರ ಹೇಳುವ ಅಯ್ಯನೋರು ತಡವಾಗಿ ಬಂದರೂ ನಡೆಯುತ್ತದೆ, ಪ್ರೀ-ವೆಡ್ಡಿಂಗ್ ಫೋಟೊ ಇಲ್ಲದೆ ನಡೆಯುವುದಿಲ್ಲ. ಉಳಿದವರು ಹೂವಿನ ಹೊಲ ಹುಡುಕಿಕೊಂಡು ಹೋದರೆ ನಾವು ಉದಗೀರ ಕೋಟೆಗೆ ಹೋದೆವು. ಅವನಿಗೆ ಖಳನ ಕರಿ ಕೋಟು, ನನಗೆ ರಾಣಿಯ ಕೆಂಪು ಗೌನು. ಗೌನಿನ ಕೊರಳು ಅಗಲವಾಗಿತ್ತು, ನಾನು ಚಿಕ್ಕಂದಿನಿಂದ ಕಟ್ಟಿಕೊಂಡಿದ್ದ ಲಿಂಗ ಎದ್ದು ಕಾಣುತ್ತಿತ್ತು.

"ರಾಣಿ ಕೊಳ್ಳಾಗ ಇದು ಹೊಂದಂಗಿಲ್ಲ, ತೆಗಿ" ಎಂದ. ತೆಗೆದು ಪರ್ಸಿಗೆ ಹಾಕಿದೆ. ಅವನ ಲಿಂಗ ಕೋಟಿನೊಳಗೆ ಬೆಚ್ಚಗಿತ್ತು.

ಕಾಮಿಕ್ಸಿನ ಚಿತ್ರದಂತೆಯೇ ನನ್ನನ್ನು ಕೋಟೆಯ ಗೋಡೆಗೆ ಒತ್ತಿ ನಿಲ್ಲಿಸಿ ಅವನು ಕೊರಳಿಗೆ ಕೈ ಹಾಕಿದ. ಫೋಟೊದವನಿಗೆ ಸಮಾಧಾನವಾಗಲಿಲ್ಲ. "ದಾದಾ, ಹಂಗ ಮುಟ್ಟಿದ್ರ ಏನ್ ಬರತದ? ಗಟ್ಟಿ ಹಿಡೀರಿ. ವೈನಿ, ಜರಾ ನಗ್ರೀ."

ಅವನು ಗಟ್ಟಿ ಹಿಡಿದ. ನನಗೆ ಉಸಿರು ಸಿಗಲಿಲ್ಲ. ಬೇಗ ಮುಗಿದರೆ ಸಾಕೆಂದು ಹಲ್ಲು ಕಿರಿದೆ. "ಏಕ್‌ದಮ್ ನ್ಯಾಚುರಲ್!" ಎಂದು ಫೋಟೊದವನು ಕುಣಿದಾಡಿದ. ಸಂಜೆ ಅವ್ವ ನನ್ನ ಕೊರಳ ಮೇಲಿನ ಕೆಂಪು ಬರೆ ನೋಡಿ, "ಆ ಸುಡುಗಾಡ ಅಂಗಿ ಕಡದಾದ" ಎಂದು ಕೊಬ್ಬರಿ ಎಣ್ಣೆ ಸವರಿದಳು. ಮದುವೆಯ ದಿನ ಆ ಫೋಟೊ ಬಾಗಿಲಿನಷ್ಟು ದೊಡ್ಡದಾಗಿ ಮಂಟಪದ ಎದುರು ನಿಂತಿತ್ತು. ಬಂದವರೆಲ್ಲ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಊಟಕ್ಕೆ ಹೋದರು.

ಮದುವೆಯಾದ ತಿಂಗಳಲ್ಲೇ, ಅಂಗಡಿಗೆ ಬಂದ ಗಿರಾಕಿ ಯಾರೋ ಬೈದರೆಂದು ಮನೆಗೆ ಬಂದವನು ಅದೇ ಜಾಗಕ್ಕೆ ಕೈ ಹಾಕಿದ. "ನಗು ರಾಣಿ" ಎಂದ. ನಕ್ಕೆ, ಬಿಟ್ಟ. ಆಮೇಲೆ ಅದೇ ರೂಢಿಯಾಯಿತು. ಕಾಮಿಕ್ಸಿನ ರಾಣಿಗೆ ಸುಡಲು ಜೈಲಾದರೂ ಇತ್ತು, ನನಗೆ ಗ್ಯಾಸಿನ ಒಲೆಯೊಂದೇ. ಒಂದು ಬೆಳಿಗ್ಗೆ ಅದರ ಮುಂದೆಯೇ ಅವನು ಕೊರಳು ಹಿಡಿದಾಗ ಕಣ್ಣು ಕತ್ತಲೆಯಾಗಿ ಬಿದ್ದೆ. ಎಚ್ಚರವಾದಾಗ ಹಾಲೆಲ್ಲ ಉಕ್ಕಿ ನೆಲದ ಮೇಲೆ ಹರಿದಿತ್ತು, ಅವನು ಅಂಗಡಿಗೆ ಹೋಗಿದ್ದ. ಉಟ್ಟ ಸೀರೆಯಲ್ಲೇ ಉಮರ್ಗಾ ಬಸ್ಸು ಹತ್ತಿ ತವರಿಗೆ ಬಂದೆ.

ಎರಡೂ ಮನೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಬೈಠಕ್ ಕೂತರು. ಅಪ್ಪ ನನಗೆ ಮೊದಲೇ ಹೇಳಿಬಿಟ್ಟಿದ್ದ: "ಹಿರ್ಯಾರು ಇರು ಅಂದ್ರ ಇರು, ಹೋಗು ಅಂದ್ರ ಹೋಗು. ನಡುವ ನಾ ಬಾಯಿ ಹಾಕಂಗಿಲ್ಲ." ಹಿರಿಯರಲ್ಲಿ ಹಿರಿಯ ವಲಾಂಡಿಯ ಮುತ್ಯಾ, ನನ್ನ ಗಂಡನ ಅಜ್ಜನ ತಮ್ಮ. ನಾನು ಆದದ್ದೆಲ್ಲ ಹೇಳಿದೆ. ಗಂಡ ಒಂದನ್ನೂ ಅಲ್ಲಗಳೆಯಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಮುತ್ಯಾನ ಕೈಗೆ ಕೊಟ್ಟ.

"ಲಗ್ನದ ಮೊದಲ ತೆಗೆಸಿದ್ದು ನೋಡ್ರಿ ಮುತ್ಯಾ. ಹ್ಯಾಂಗ ನಗ್ಲಾಕತ್ತಾಳ! ಇದು ನಮ್ಮಿಬ್ಬರ ಆಟ ಅದರೀ."

ಮುತ್ಯಾ ಚಷ್ಮಾ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಅಂತೂ ಒಬ್ಬರ ಕಣ್ಣಿಗೆ ಬಿತ್ತು ಎಂದು ನನ್ನ ಜೀವ ಹಗುರಾಯಿತು.

"ಕೊಳ್ಳಾಗ ಲಿಂಗ ಎಲ್ಲದ?" ಎಂದರು ಮುತ್ಯಾ.

ಮೊಬೈಲ್ ಕೈಯಿಂದ ಕೈಗೆ ಹೋಯಿತು. ಪಡಸಾಲೆಯಲ್ಲಿ ಇದ್ದವರೆಲ್ಲ ನನ್ನ ಮೇಲೆ ಆಳಿಗೊಂದು ಕಲ್ಲು ಹಾಕಿದರು. ಲಿಂಗ ಬಿಚ್ಚಿ ಫೋಟೊ ತೆಗೆಸಿಕೊಳ್ಳುವವಳು ಇನ್ನೇನು ಬಾಳುವೆ ಮಾಡಿಯಾಳು ಎಂದರು. ಅಪ್ಪ ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಅಳತೊಡಗಿದಳು, ಅದೂ ಲಿಂಗಕ್ಕಾಗಿ. ಬಿಚ್ಚಿಸಿದವನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ.

"ಮುತ್ಯಾ, ಲಿಂಗ ಬಿಡ್ರಿ, ಕೈ ನೋಡ್ರಿ" ಎಂದೆ.

"ಕೈ ಗಂಡಂದು ಅದ" ಎಂದರು. "ಗಂಡ ಹೆಂಡರ ಜಗಳ ಉಂಡು ಮಲಗೂತನ. ಮಠಕ್ಕ ಹೋಗಿ ತಪ್ಪಾಯ್ತು ಅನ್ನು, ಮತ್ತ ಲಿಂಗ ಕಟ್ಟಿಸಿಕೊ, ಗಂಡನ ಮನಿಗಿ ನಡಿ."

ಅವನು ಕಪ್ಪು ಕೆಳಗಿಟ್ಟು, "ನಡಿ ರಾಣಿ" ಎಂದ.

ಎದ್ದು ಅವನ ಹತ್ತಿರ ಹೋದೆ. ಕೂತಲ್ಲೇ ಗೋಡೆಗೆ ಒತ್ತಿ ಎರಡೂ ಕೈಯಿಂದ ಕೊರಳು ಹಿಡಿದೆ. ಲಿಂಗದ ದಾರ ನನ್ನ ಅಂಗೈಗೆ ಒತ್ತುತ್ತಿತ್ತು, ಹೆಬ್ಬೆರಳ ಕೆಳಗೆ ಅವನ ನಾಡಿ ಬಡಿಯುತ್ತಿತ್ತು.

"ನಗು" ಎಂದೆ. "ನಕ್ಕರ ಬಿಡತೀನಿ."

ಅವನಿಗೆ ನಗಲು ಬರಲಿಲ್ಲ. ಇಷ್ಟು ದಿನ ನಾನು ಎಷ್ಟು ಚೆನ್ನಾಗಿ ನಗುತ್ತಿದ್ದೆನೆಂದು ಆಗ ನನಗೆ ತಿಳಿಯಿತು.

"ಏ! ಕೈ ತೆಗಿ! ಅವನ ಕೊಳ್ಳಾಗ ಲಿಂಗ ಅದ!" ಎಂದು ಮುತ್ಯಾ ಕೂಗಿದರು.

ನನ್ನನ್ನು ಬಿಡಿಸಲು ಮೂರು ಜನ ಬೇಕಾಯಿತು. "ಇಂಥ ರಾಕ್ಷಸಿ ನಮ್ಮ ಮನಿಗಿ ಬ್ಯಾಡ" ಎಂದು ಮುತ್ಯಾ ಕೊಟ್ಟ ತೀರ್ಪನ್ನು ತಾವೇ ಹಿಂದೆ ತೆಗೆದುಕೊಂಡರು. ಗಂಡ ಕೊರಳು ನೀವಿಕೊಳ್ಳುತ್ತ ಎಲ್ಲರಿಗಿಂತ ಮೊದಲು ಕಾರು ಹತ್ತಿದ. ಸುಳ್ಳೇಕೆ ಹೇಳಲಿ, ಹಿಡಿದಾಗ ನನಗೆ ಬಹಳ ಹಿತವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಹಿಡಿಯಲು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಕಾರು ಹೋದ ಮೇಲೆ ಅಪ್ಪ ನನ್ನ ಮುಂದೆ ಬಂದು ನಿಂತ. ನನ್ನ ಕೊರಳ ಮೇಲೆ ಹಿಂದಿನ ವಾರದ ಬೆರಳುಗಳು ಇನ್ನೂ ನೀಲಿಯಾಗಿದ್ದವು. ಅಪ್ಪ ಅವನ್ನೇ ನೋಡಿದ.

"ಅವನ ಲಿಂಗದ ದಾರ ಹರದಿಲ್ಲಲ್ಲ?" ಎಂದು ಕೇಳಿದ.

"ಇಲ್ಲಪ್ಪಾ" ಎಂದೆ. "ಗಟ್ಟಿ ಅದ."