ಟೆರೇಸಿನ ಮೇಲೆ ಕಡಲಪಾಚಿ ಬೆಳೆಸಿದ ವನಜಾಕ್ಷಿ ಮೇಡಂ

ಮಳೆ ಬಂದರೆ ವನಜಾಕ್ಷಿ ಮೇಡಂ ಕೊಡೆ ಹಿಡಿದು ಟೆರೇಸಿಗೆ ಓಡುತ್ತಿದ್ದರು. ಕೊಡೆ ಅವರಿಗಲ್ಲ, ಟಬ್ಬುಗಳಿಗೆ. ತಾವು ತೊಯ್ದು ತೊಪ್ಪೆಯಾದರೂ ಸರಿ, ಒಂದು ಹನಿ ಮಳೆನೀರೂ ಆ ಉಪ್ಪುನೀರಿಗೆ ಬೀಳಬಾರದು. ಅದರಲ್ಲಿ ನನ್ನ ಪಿಎಚ್‌ಡಿಯ ಕೆಂಪು ಕಡಲಪಾಚಿ ತೇಲುತ್ತಿತ್ತು.

ಅವರು ನನ್ನ ಗೈಡ್, ಬಸವನಗುಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕಿ. ಬಿಸಿಲಿನ ಅತಿನೇರಳೆ ಕಿರಣ ಕಡಲಪಾಚಿಯ ಬೆಳವಣಿಗೆಗೂ ಬಣ್ಣಕ್ಕೂ ಏನು ಮಾಡುತ್ತದೆ ಎಂಬುದು ನನ್ನ ವಿಷಯ. ಕಾಲೇಜಿನ ಟೆರೇಸಿಗೆ ಮರದ ನೆರಳು ಬೀಳುತ್ತದೆಂದು ಗವಿಪುರಂನ ತಮ್ಮ ಮನೆಯ ಟೆರೇಸನ್ನೇ ಬಿಟ್ಟುಕೊಟ್ಟಿದ್ದರು. ಒಂದು ಟಬ್ಬಿನ ಮೇಲೆ ಆ ಕಿರಣ ತಡೆಯುವ ಪಾರದರ್ಶಕ ಹಾಳೆ, ಇನ್ನೊಂದರ ಮೇಲೆ ತಡೆಯದ ಹಾಳೆ; ಗಾಳಿಯಾಡಲೆಂದು ಸುತ್ತ ತೆರೆದೇ ಇದ್ದುದರಿಂದ ಎರಚಲು ಮಳೆಗೆ ಮಾತ್ರ ಕೊಡೆಯೇ ಗತಿ. ಎರಡನೆಯದನ್ನು ಬಯಲಿಗೇ ಬಿಡೋಣವೆಂದರೆ ಮೇಡಂ ಒಪ್ಪಲಿಲ್ಲ. "ಒಂದಕ್ಕೆ ಸೀರೆ ಉಡ್ಸಿ ಇನ್ನೊಂದನ್ನ ಹಾಗೇ ನಿಲ್ಸಿದ್ರೆ ಹೋಲಿಕೆ ಹೇಗಾಗತ್ತೇ?"

ಪಕ್ಕದ ಮನೆಯ ಶಾಮಣ್ಣನವರಿಗೆ ವಾಸನೆಯ ಅನುಮಾನ. ಒಂದು ಬೆಳಿಗ್ಗೆ ಮೇಲೆ ಬಂದೇಬಿಟ್ಟರು. "ಏನ್ರೀ ಮೇಡಂ, ಮೀನು ಗೀನು ಸಾಕ್ತಿದೀರಾ? ಪೂಜೆಗೆ ಕೂರಕ್ಕಾಗ್ತಿಲ್ಲ."

"ಮೀನಲ್ಲ ಸ್ವಾಮಿ. ನಿಮ್ಮ ಮೊಮ್ಮಗಳ ಬರ್ತ್‌ಡೇಲಿ ಚೈನಾ ಗ್ರಾಸ್ ಪುಡ್ಡಿಂಗ್ ಮತ್ತೆ ಮತ್ತೆ ಹಾಕಿಸ್ಕೊಂಡ್ರಲ್ಲ? ಆ ಚೈನಾ ಗ್ರಾಸ್ ಮಾಡೋದು ಇಂಥ ಪಾಚಿಯಿಂದಾನೇ."

ಶಾಮಣ್ಣ ಟಬ್ಬನ್ನೂ ಮೇಡಂ ಮುಖವನ್ನೂ ನೋಡಿ, "ಶುದ್ಧ ಸಸ್ಯಾಹಾರ ತಾನೆ?" ಎಂದು ಖಾತ್ರಿಪಡಿಸಿಕೊಂಡು ಇಳಿದುಹೋದರು.

ಏಪ್ರಿಲ್ ಬಿಸಿಲಿಗೆ, ಕಿರಣ ತಡೆಯದ ಟಬ್ಬಿನ ಪಾಚಿ ಬೆಳೆಯುವುದನ್ನೇ ನಿಲ್ಲಿಸಿತು. ದಾಳಿಂಬೆ ಬಣ್ಣ ಹೋಗಿ ಒಣಹುಲ್ಲಿನಂತಾಯಿತು. ಇನ್ನೊಂದು ಟಬ್ಬಿನದು ಕೆಂಪಗೇ ಇತ್ತು. ನಿರೀಕ್ಷಿಸಿದ್ದೇ ಆಗಿತ್ತು ನಿಜ, ಆದರೆ ಇಷ್ಟು ಬೇಗ ಸತ್ತರೆ ಮುಂದೆ ಅಳೆಯಲು ಏನೂ ಉಳಿಯುವುದಿಲ್ಲವೆಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮೇಡಂ ಒಂದು ಎಳೆಯನ್ನು ಬೆರಳಲ್ಲಿ ಬಾಗಿಸಿ ನೋಡಿದರು.

"ಸತ್ತಿಲ್ಲ ಕಣೇ, ಬಣ್ಣ ಬಿಟ್ಟಿದೆ ಅಷ್ಟೆ. ಅರ್ಧ ತೆಗೆದು ಕಿರಣ ತಡೆಯೋ ಹಾಳೆ ಕೆಳಗೆ ಬೇರೆ ಟಬ್ಬಲ್ಲಿಡು. ಆಮೇಲೆ ಬಾ, ಕಾಫಿ ಕುಡಿ."

ಕೆಲವು ಎಳೆಗಳು ಕೊಳೆತವು. ಉಳಿದವುಗಳ ತುದಿಯಲ್ಲಿ ದಿನ ಕಳೆದಂತೆ ಕೆಂಪು ಮರಳಿತು. ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಬಿಡದೆ ಪ್ರಶ್ನೆ ಕೇಳಿದ್ದು ಆ ಚೇತರಿಕೆಯ ಅಧ್ಯಾಯದ ಮೇಲೆ, ಕೊನೆಗೆ ಮೆಚ್ಚಿದ್ದೂ ಅದನ್ನೇ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಡಂ ನನಗಿಂತ ಹೆಚ್ಚು ಬೆವರಿದ್ದರು.

ಕಳೆದ ವರ್ಷ ನಿವೃತ್ತರಾಗಿ ಕಾರವಾರದಲ್ಲಿ ತಮ್ಮನ ಪಕ್ಕದಲ್ಲೇ ಮನೆ ಮಾಡಿದರು. ಬಸ್ಸು ಹತ್ತಿಸಲು ಹೋಗಿದ್ದೆ. "ಇನ್ಮೇಲೆ ಮೇಡಂ ಅನ್ಬೇಡ, ಅಕ್ಕ ಅನ್ನು" ಎಂದರು. "ಆಗ್ಲಿ ಮೇಡಂ" ಎಂದೆ. ಇಬ್ಬರೂ ನಕ್ಕೆವು. ಬಸ್ಸು ಕದಲಿದ ಮೇಲೆ, ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ "ಅಕ್ಕಾ" ಎಂದು ಕೂಗಿದೆ. ಕಿಟಕಿಯಿಂದ ಒಂದು ಕೈ ಹೊರಬಂತು, ತಿರುವು ದಾಟುವವರೆಗೂ ಬೀಸುತ್ತಲೇ ಇತ್ತು.