ಹುಕ್ಕೇರಿಯಲ್ಲಿ ಕಾಕಾನಿಗೆ ಹೊದಿಸಿದ ಶಾಲು

ಗೋಕಾಕದ ಪೇಟೆಯಲ್ಲಿ ಮೊನ್ನೆ ಯಾರೋ ರಾಳ ಕುಟ್ಟುತ್ತಿದ್ದರು. ಆ ವಾಸನೆಗೆ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ಕಾಕಾ ಭೀಮಣ್ಣ ಬೆಳಕು ಹರಿಯುವ ಮೊದಲೇ ಸಾರಂಗಿ ನುಡಿಸುವ ಗಜಕ್ಕೆ ರಾಳ ತಿಕ್ಕಿ ರಿಯಾಜಿಗೆ ಕೂರುತ್ತಿದ್ದ. ಅದು ಮುಗಿಯುವವರೆಗೆ ಮಕ್ಕಳಿಗೆ ಚಹಾ ಇಲ್ಲ, ಮಾತಿಲ್ಲ. ಹಾಸಿಗೆ ಮಡಚಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಬೇಕು. ಆ ಶಿಸ್ತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಖ್ಯಾಲಿಗೆ ಸಾಥ್, ಕುಲಗೋಡದ ಭಜನೆ, ಬಯಲಾಟ, ಮದುವೆ ಮನೆ, ಎಲ್ಲಕ್ಕೂ ಕಾಕಾನ ಕೈ ಒಗ್ಗುತ್ತಿತ್ತು. ಜೀವ ಮಾತ್ರ ಹೊಸ ಸಂಗೀತದಲ್ಲಿತ್ತು. ಮೂಡಲಗಿಯ ಸಂಗೀತ ಶಿಕ್ಷಕಿ ಶಾಂತಕ್ಕ ತಾನೇ ಒಂದು ರಾಗ ಕಟ್ಟಿದ್ದಳು. ನುಡಿಸಲು ಯಾರೂ ಒಪ್ಪಿರಲಿಲ್ಲ. "ನಾಲ್ಕ ಮಂದಿ ಮುಂದ ಪೂರಾ ಕೇಳಿಸ್ತೇನಿ ತಂಗಿ" ಎಂದು ಕಾಕಾ ಮಾತು ಕೊಟ್ಟ.

ಹುಕ್ಕೇರಿಯ ಸಂಗೀತ ಸಭೆಯಲ್ಲಿ ಆ ಅವಕಾಶ ಬಂತು. ಶಾಂತಕ್ಕನ ಬಾಜೂಕ್ಕೆ ನಾನು ಕೂತಿದ್ದೆ. ಆಲಾಪ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಸಾಲಿನಲ್ಲಿ ತಂಬಾಕು ಜಗಿಯುತ್ತಿದ್ದ ಹಿರಿಯರೊಬ್ಬರು, "ಇದೇನ್ರಿ, ಬಾಗಲಾ ಕಿರ್ ಅಂದಂಗ ಐತಿ" ಎಂದರು. "ಎಣ್ಣಿ ಬಿಡ್ರಿ ಅದಕ್ಕ" ಎಂದು ಇನ್ನೊಬ್ಬರು ನಕ್ಕರು. ನಮ್ಮ ಕಡೆ ಕಲಾವಿದರನ್ನು ಬೈದು ಎಬ್ಬಿಸುವುದಿಲ್ಲ, ಸತ್ಕಾರ ಮಾಡಿ ನಿಲ್ಲಿಸುತ್ತಾರೆ. ಅಧ್ಯಕ್ಷರು ವೇದಿಕೆ ಹತ್ತಿ, ಗಜ ಆಡುತ್ತಿದ್ದ ತೋಳಿನ ಮೇಲೆಯೇ ಶಾಲು ಹೊದಿಸಿ ಹಾರ ಹಾಕಿದರು. "ಭಾಳ ಛಲೋ ಆತ್ರಿ. ಇನ್ನ ಒಂದ ಅಭಂಗ ಆಗಲಿ." ಹೂವಿನ ನೀರು ತಂತಿಗಳ ಮೇಲೆ ತೊಟ್ಟಿಕ್ಕಿತು. ಚಪ್ಪಾಳೆಯೋ ಚಪ್ಪಾಳೆ. ಆ ಎಂಜಲು ಬಾಯಿಗಳು ಇನ್ನೂ ನಗುತ್ತಿದ್ದವು.

ಕಾಕಾ ಅಭಂಗ ನುಡಿಸಲಿಲ್ಲ. ಶಾಲನ್ನು ಅಧ್ಯಕ್ಷರ ಖುರ್ಚಿಯ ಮೇಲೆ ಮಡಚಿಟ್ಟು ಇಳಿದು ಬಂದ. ಬಸ್ಸು ಬದಲಿಸಲು ಘಟಪ್ರಭಾದಲ್ಲಿ ಇಳಿದಾಗ, ಕಲ್ಲುಬೆಂಚಿನ ಮೇಲೆ ಕೂತು, ತಂತಿ ಒರೆಸಿ, ರಾಗ ನಿಂತಲ್ಲಿಂದ ಕೊನೆಯವರೆಗೆ ನುಡಿಸಿದ. ಕೇಳಿದವರು ಶಾಂತಕ್ಕ, ನಾನು, ಬೆಂಚಿನ ಕೆಳಗೆ ಮಲಗಿದ್ದ ಒಂದು ನಾಯಿ.

"ನಾಲ್ಕ ಮಂದಿ ಆಗಲಿಲ್ಲ ತಂಗಿ."

"ನಾಯಿ ಸೈತ ಎದ್ದ ಹೋಗಲಿಲ್ಲರಿ ಅಣ್ಣಾ. ಅಷ್ಟ ಸಾಕ."

ಶಾಂತಕ್ಕ ಮತ್ತೆ ರಾಗ ಕಟ್ಟಲಿಲ್ಲ. ಈಗ ಅವಳೂ ಇಲ್ಲ, ಕಾಕಾನೂ ಇಲ್ಲ. ಪಡಸಾಲೆ ಇದ್ದಲ್ಲಿ ಮೊಬೈಲ್ ಅಂಗಡಿಗಳಿವೆ. ಅದೇ ಸಭೆಯವರು ಕಾಕಾನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರಂತೆ. ಕರೆಯುತ್ತಾರೆ, ನಾನು ಹೋಗುವುದಿಲ್ಲ. ಆ ರಾಗವನ್ನು ಪೂರಾ ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ. ನನಗೆ ಹಾಡಲು ಬರುವುದಿಲ್ಲ.