ಯಾರೋ ಕಳೆದಿಟ್ಟ ಏರಿಳಿತ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಓದಲೆಂದು ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಅಕ್ಕ. ಮದುವೆಯಾಗಿ ಅಡಿಲೇಡ್‌ಗೆ ಬಂದ ಮೇಲೆ ಅವಳು ಅಲ್ಲಿನ ವೃದ್ಧಾಶ್ರಮವೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಕೆಲವು ವರ್ಷಗಳ ನಂತರ ನಾನು ಪಿಎಚ್‌ಡಿಗೆಂದು ಪರ್ತ್‌ಗೆ ಬಂದೆ.

ಸ್ಥಳ ಪತ್ತೆಗೆಂದು ಹಾರಿಸಿ, ದಾರಿ ತಪ್ಪಿ ಉದ್ದನೆಯ ಕಕ್ಷೆಗೆ ಬಿದ್ದ ಎರಡು ಉಪಗ್ರಹಗಳು ನನ್ನ ವಿಷಯ. ಭೂಮಿಯಿಂದ ದೂರ ಹೋದಾಗ ಅವುಗಳೊಳಗಿನ ಪರಮಾಣು ಗಡಿಯಾರ ತುಸು ಬೇಗ ಓಡುತ್ತದೆ, ಹತ್ತಿರ ಬಂದಾಗ ನಿಧಾನವಾಗುತ್ತದೆ. ಆ ಏರಿಳಿತ ಸಾಪೇಕ್ಷತಾ ಸಿದ್ಧಾಂತ ಹೇಳುವಷ್ಟೇ ಇದೆಯೇ ಎಂದು ನೋಡಬೇಕಿತ್ತು.

"ಗಡಿಯಾರ ಸರಿ ಇದ್ಯಾ ಅಂತ ನೋಡೋಕೆ ನಾಲ್ಕು ವರ್ಷಾನಾ?" ಭಾನುವಾರದ ಫೋನಿನಲ್ಲಿ ಅಕ್ಕ ಕಾಲೆಳೆಯುತ್ತಿದ್ದಳು. "ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ವಾಚ್ ರಿಪೇರಿಯವನು ಐದು ನಿಮಿಷಕ್ಕೆ ಹೇಳ್ತಿದ್ದ ಕಣೇ!"

ನಾಲ್ಕು ತಿಂಗಳು ಹುಡುಕಿದರೂ ನನಗೆ ಏರಿಳಿತ ಸಿಗಲಿಲ್ಲ. ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗಿತ್ತು. ಪರ್ತ್‌ನ ಬೆಂಟ್ಲಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಊಟ ಬಿಟ್ಟು ಕೂತೆ. ಕೊನೆಗೆ ಗೈಡ್ ನನ್ನ ಫೈಲು ನೋಡಿ ಹಣೆ ಒತ್ತಿಕೊಂಡರು. ಸ್ಥಳ ಪತ್ತೆ ಮಾಡುವವರ ಅನುಕೂಲಕ್ಕೆಂದು ಆ ಏರಿಳಿತವನ್ನು ಮೊದಲೇ ಲೆಕ್ಕಹಾಕಿ ಕಳೆದು ಕೊಡುವ ಫೈಲು ಅದು. ವಿವರಣೆಯ ಪುಟ ಓದದೆ, ಇಲ್ಲದ್ದನ್ನು ಅದರಲ್ಲಿ ಹುಡುಕಿದ್ದೆ.

"ಅಂದ್ರೆ ಕಲ್ಲು ಆರಿಸಿಟ್ಟ ಅಕ್ಕೀಲಿ ಕಲ್ಲು ಹುಡುಕ್ತಿದ್ದೆ ಅನ್ನು, ಡಾಕ್ಟರಮ್ಮ!" ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಭಾವ ಫೋನು ತೆಗೆದುಕೊಂಡು, "ಶೀತ ಅಷ್ಟೇಮ್ಮ" ಎಂದರು. ನಾನು ನಂಬಿದೆ.

ಕಳೆದದ್ದನ್ನು ಮತ್ತೆ ಕೂಡಿಸಿ ಮೊದಲಿನಿಂದ ಲೆಕ್ಕ ಮಾಡಿದೆ. ಅಲೆ ಎದ್ದಿತು, ಸಿದ್ಧಾಂತ ಹೇಳಿದಷ್ಟೇ. ಅದನ್ನು ಹಿಡಿದು ಬ್ರಿಸ್ಬೇನ್‌ನ ಸಮ್ಮೇಳನದಲ್ಲಿ ಮಾತಾಡಿದೆ. ಚಪ್ಪಾಳೆ ಮುಗಿಯುತ್ತಿದ್ದಂತೆ ಹೊರಗೆ ಬಂದು ಫೋನು ಮಾಡಿದೆ. ಎತ್ತಿದವರು ಭಾವ.

"ಮುಗೀತಾ? ಚೆನ್ನಾಗಾಯ್ತಾ?"

"ಆಯ್ತು ಭಾವ. ಅಕ್ಕಂಗೆ ಕೊಡಿ."

"ಪರ್ತ್‌ಗೆ ಹೋಗ್ಬೇಡಮ್ಮ. ಇಲ್ಲಿಗೇ ಬಂದ್ಬಿಡು."

ಶ್ವಾಸಕೋಶದ ಕ್ಯಾನ್ಸರ್. ಗೊತ್ತಾಗಿ ಎಂಟು ತಿಂಗಳು. ಸಮ್ಮೇಳನದಲ್ಲಿ ನನ್ನ ಮಾತು ಮುಗಿಯುವ ತನಕ ಹೇಳಕೂಡದೆಂದು ಅಕ್ಕ ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

ಅಡಿಲೇಡ್‌ನ ಆಸ್ಪತ್ರೆಯಲ್ಲಿ ಅವಳು ಹಾಸಿಗೆಯ ಅರ್ಧವನ್ನೂ ತುಂಬಿರಲಿಲ್ಲ. ಅಳಬೇಕಾದವಳು ನಾನು ಜಗಳಕ್ಕೆ ನಿಂತೆ.

"ನಂಗೆ ಹೇಳ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋಕೆ ನೀನ್ಯಾರೇ?"

"ನಿನ್ ಅಕ್ಕ," ಎಂದಳು. ಉಸಿರು ಸಾಲದೆ ನಿಲ್ಲಿಸಿ, "ಹೇಳಿದ್ರೆ ಎಲ್ಲಾ ಬಿಟ್ಟು ಬರ್ತಿದ್ದೆ ತಾನೇ?"

"ಬರ್ತಿದ್ದೆ."

"ಅದಕ್ಕೇ."

ಆಮೇಲೆ ಅವಳೇ ಲ್ಯಾಪ್‌ಟಾಪ್ ತೆಗೆಸಿದಳು. ಅಲೆಯ ಮೇಲೆ ಬೆರಳಾಡಿಸಿ, "ಇಷ್ಟಕ್ಕಾ?" ಎಂದು ಕಣ್ಣಲ್ಲೇ ನಕ್ಕಳು. ನನಗೆ ಸಿಕ್ಕಿದ್ದು ನಾಲ್ಕು ದಿನ. ಮೂರರಲ್ಲಿ ಅವಳಿಗೆ ಪ್ರಜ್ಞೆ ಇತ್ತು.

ಪ್ರಬಂಧದ ಮೊದಲ ಪುಟದಲ್ಲಿ 'ಅಕ್ಕನಿಗೆ' ಎಂದು ಬರೆದಿದ್ದೇನೆ. ಪದವಿ ಬಂತು, ಹೆಮ್ಮೆಯೂ ಇದೆ. ಆದರೆ ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಎಂಟು ತಿಂಗಳ ಒಂದೊಂದು ಭಾನುವಾರವೂ ನಾನು ಬರೀ ನನ್ನ ಕೆಲಸದ ಗೋಳು ಹೇಳಿಕೊಂಡೆ; ಅವಳು ಹ್ಞೂಂಗುಟ್ಟುತ್ತಾ ಕೇಳಿಸಿಕೊಂಡಳು.